ಕಸ ತುಂಬಿದ ಜಂಬಿಟ್ಟಿಗೆ ಗುಂಡಿಯ ಮೇಲೆ ಆಸ್ಪತ್ರೆ: ರಾಫ್ಟ್ ಸಾಕೇ, ಪೈಲ್ ಬೇಕೇ?

ಪ್ರಶ್ನೆ: ಸಿವಿಲ್ ಇಂಜಿನಿಯರ್, ಸಾಗರ ತಾಲ್ಲೂಕು

ನಾನು ಇಪ್ಪತ್ತು ವರ್ಷಗಳಿಂದ ಸಾಗರದ ಕಡೆ ಮನೆ, ಅಡಿಕೆ ಗೋದಾಮು, ಶಾಲೆ, ಸಮುದಾಯ ಭವನಗಳನ್ನು ಕಟ್ಟಿಸುತ್ತ ಬಂದವನು. ಗಟ್ಟಿ ಜಂಬಿಟ್ಟಿಗೆ ನೆಲದಲ್ಲಿ ನಾಲ್ಕೈದು ಅಡಿ ಪಾಯ ತೆಗೆದು ಮೇಲೇಳುವುದು ನನಗೆ ರೂಢಿ. ಈಗ ಕೈಗೆ ಬಂದಿರುವ ಕೆಲಸ ಆ ರೂಢಿಗೆ ಸಿಗುವಂಥದ್ದಲ್ಲ. ಅದಕ್ಕಾಗಿ ತಿಳಿದವರ ಸಲಹೆ ಕೇಳುತ್ತಿದ್ದೇನೆ.

ಊರಿನ ಟ್ರಸ್ಟ್ ಒಂದು 60 ಹಾಸಿಗೆಗಳ ಆಸ್ಪತ್ರೆ ಕಟ್ಟಲು ಹೊರಟಿದೆ. ನೆಲಮಹಡಿ, ಅದರ ಮೇಲೆ ಎರಡು ಅಂತಸ್ತು; 60 ಮೀಟರ್ ಉದ್ದ, 30 ಮೀಟರ್ ಅಗಲ. ನೆಲಮಹಡಿಯಲ್ಲಿ ತುರ್ತು ಚಿಕಿತ್ಸೆ, ಸಿಟಿ ಸ್ಕ್ಯಾನ್ ಮತ್ತು ಸೋಂಕು ರೋಗಿಗಳ ಪ್ರತ್ಯೇಕ ಕೊಠಡಿಗಳು, ಮೇಲೆ ಶಸ್ತ್ರಚಿಕಿತ್ಸಾ ಕೊಠಡಿಗಳು, ಹಿಂಬದಿಯಲ್ಲಿ ದ್ರವ ಆಮ್ಲಜನಕದ ಟ್ಯಾಂಕ್. ಅವರಿಗೆ ದಾನವಾಗಿ ಸಿಕ್ಕಿರುವ ನಾಲ್ಕು ಎಕರೆಯಲ್ಲಿ ಬಹುಭಾಗ ಹಿಂದೆ ಜಂಬಿಟ್ಟಿಗೆ ಕಲ್ಲು ಕಡಿದ ಗುಂಡಿ. ಕಲ್ಲು ಮುಗಿದ ಮೇಲೆ ಆ ಗುಂಡಿಗೆ ಹದಿನೆಂಟು ವರ್ಷ ಊರಿನ ಕಸ ಬಿತ್ತು. ಕಸ ಸುರಿಯುವುದು ನಿಂತು ಈಗ ಹನ್ನೆರಡು ವರ್ಷ. ಮೇಲೆ ಎರಡು ಅಡಿ ಮಣ್ಣು ಹರಡಿರುವುದರಿಂದ ನೋಡುವವರಿಗೆ ಅದು ಹುಲ್ಲು ಬೆಳೆದ ಬಯಲು. ಸಂಜೆ ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಾರೆ.

ಐದು ಕಡೆ ಬೋರ್‌ಹೋಲ್ ಹಾಕಿಸಿದೆವು. ಪಶ್ಚಿಮದ ಅಂಚಿನಲ್ಲಿ ಮೂರು ಮೀಟರಿಗೇ ಜಂಬಿಟ್ಟಿಗೆ ಸಿಕ್ಕಿತು, ಪೂರ್ವದಲ್ಲಿ ಹನ್ನೊಂದು ಮೀಟರ್ ಕಸ ದಾಟಬೇಕಾಯಿತು. ಎಸ್‌ಪಿಟಿ ಎನ್ ಮೌಲ್ಯ (ಸುತ್ತಿಗೆಯಿಂದ ನಳಿಗೆ ಹೊಡೆದು ನೆಲದ ಗಟ್ಟಿತನ ನೋಡುವ ಪರೀಕ್ಷೆಯ ಅಂಕಿ) ಒಂದು ಕಡೆ 3, ಅದರ ಒಂದೂವರೆ ಮೀಟರ್ ಕೆಳಗೆ 40, ಮತ್ತೆ 5. ಆರು ಮೀಟರ್ ಆಳದಿಂದ ಬಂದ ಮಾದರಿಯನ್ನು ಗೋಣಿಚೀಲದ ಮೇಲೆ ಹರಡಿದಾಗ ಅಡಿಕೆ ಸಿಪ್ಪೆಯ ನಾರು, ಚಪ್ಪಲಿಯ ಅಟ್ಟೆ, ಹಾಲಿನ ಕವರು ಮತ್ತು ಮಡಿಸಿದ ಕನ್ನಡ ದಿನಪತ್ರಿಕೆಯ ತುಂಡೊಂದು ಕಂಡವು. ಪತ್ರಿಕೆಯ ಅಕ್ಷರಗಳನ್ನು ಈಗಲೂ ಓದಬಹುದಿತ್ತು. ಮಳೆಗಾಲದಲ್ಲಿ ಹೋಗಿ ನೋಡಿದಾಗ ಬೋರ್‌ಹೋಲಿನ ನೀರು ಮೇಲ್ಮೈಯಿಂದ ಒಂದೂವರೆ ಮೀಟರಿಗೆ ಏರಿತ್ತು, ಅದರಲ್ಲಿ ಸಣ್ಣಗೆ ಗುಳ್ಳೆಗಳು ಏಳುತ್ತಿದ್ದವು.

ಮಣ್ಣು ಪರೀಕ್ಷೆಯವರು ಹನ್ನೆರಡು ಮೀಟರ್ ಪೈಲ್ (ನೆಲದೊಳಗೆ ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಎಂದು ಬರೆದಿದ್ದಾರೆ. ಟ್ರಸ್ಟಿನ ಹಿರಿಯರೊಬ್ಬರು, ಕಟ್ಟಡ ಮೂರೇ ಅಂತಸ್ತಿನದು, ದಪ್ಪನೆಯ ರಾಫ್ಟ್ (ಕಟ್ಟಡದಡಿ ಪೂರ್ತಿ ಹರಡುವ ಒಂದೇ ಕಾಂಕ್ರೀಟ್ ಹಾಸು) ಹಾಕಿದರೆ ದೋಣಿಯ ಹಾಗೆ ಒಟ್ಟಿಗೆ ನಿಲ್ಲುತ್ತದೆ, ಪೈಲಿನ ದುಡ್ಡಿನಲ್ಲಿ ಉಪಕರಣ ಕೊಳ್ಳಬಹುದು ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ, ಒಪ್ಪುವ ಧೈರ್ಯವೂ ಇಲ್ಲ. ಯಾವುದು ಸರಿ?

ಉತ್ತರ 1: ಮಣ್ಣು ಮತ್ತು ಅಡಿಪಾಯದ ಇಂಜಿನಿಯರ್, ಶಿವಮೊಗ್ಗ

ನೀವು ಗೋಣಿಚೀಲದ ಮೇಲೆ ಕಂಡ ಪತ್ರಿಕೆಯ ತುಂಡಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪರೀಕ್ಷಾ ವರದಿಯ ಎಷ್ಟೋ ಅಂಕಿಗಳಿಗಿಂತ ಹೆಚ್ಚಿನದನ್ನು ಅದು ಹೇಳುತ್ತಿದೆ. ಹನ್ನೆರಡು ವರ್ಷಕ್ಕೂ ಹಿಂದೆ ಹೂತ ಕಾಗದದ ಅಕ್ಷರ ಇನ್ನೂ ಅಳಿದಿಲ್ಲವೆಂದರೆ ಆ ಪದರದ ಕಸ ಕೊಳೆಯುವುದನ್ನು ಮುಗಿಸಿಲ್ಲ, ಕೆಲವು ಕಡೆ ಸರಿಯಾಗಿ ಶುರುವನ್ನೂ ಮಾಡಿಲ್ಲ. ಗಾಳಿಯಿಲ್ಲದ, ನೀರು ತಲುಪದ ಸಂದುಗಳಲ್ಲಿ ಕಾಗದ, ಬಟ್ಟೆ, ಕಟ್ಟಿಗೆ, ನೀವು ಹೇಳಿದ ಅಡಿಕೆ ಸಿಪ್ಪೆ ಇವೆಲ್ಲ ದಶಕಗಟ್ಟಲೆ ಹಾಗೆಯೇ ಉಳಿಯುತ್ತವೆ. ನಾಳೆ ನೀವು ಅಲ್ಲಿ ಅಗೆದು, ಪೈಲ್ ಕೊರೆದು, ಚರಂಡಿಯ ದಿಕ್ಕು ಬದಲಿಸಿ ಹೊಸದಾಗಿ ನೀರು ಹರಿಯಲು ದಾರಿ ಮಾಡಿದರೆ ನಿಂತಿದ್ದ ಕೊಳೆತ ಮತ್ತೆ ಆರಂಭವಾಗುತ್ತದೆ.

ಮಣ್ಣು ಕೂರುವುದಕ್ಕೂ ಕಸ ಕೂರುವುದಕ್ಕೂ ಇರುವ ವ್ಯತ್ಯಾಸ ಇದೇ. ಮಣ್ಣಿನ ಮೇಲೆ ಭಾರ ಇಟ್ಟರೆ ಒಳಗಿನ ನೀರು, ಗಾಳಿ ಹಿಂಡಿಹೋಗಿ ಒಂದು ಹಂತಕ್ಕೆ ನಿಲ್ಲುತ್ತದೆ. ಕಸ ಎರಡು ಸಲ ಕೂರುತ್ತದೆ. ಭಾರ ಬಿದ್ದ ಕೆಲವೇ ತಿಂಗಳಲ್ಲಿ ಹಿಂಡಿಕೊಂಡು ಕೂರುವುದು ಒಂದು. ಭಾರವೇ ಇಲ್ಲದಿದ್ದರೂ ಒಳಗಿನ ಪದಾರ್ಥ ಅನಿಲವಾಗಿ, ನೀರಾಗಿ ಹೋಗುತ್ತಿರುವುದರಿಂದ ವರ್ಷಾನುಗಟ್ಟಲೆ ಕೂರುವುದು ಇನ್ನೊಂದು. ಈ ಎರಡನೆಯದಕ್ಕೆ ಕಟ್ಟಡ ಹಗುರವೋ ಭಾರವೋ ಎಂಬುದು ಮುಖ್ಯವಲ್ಲ. ಆದ್ದರಿಂದ, ಮೂರೇ ಅಂತಸ್ತು ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ರಾಫ್ಟಿನ ಲೆಕ್ಕ ನೋಡಿ. ಉಳಿದಿರುವ ಕೊಳೆತದಿಂದ ಕಸದ ದಪ್ಪ ಇನ್ನು ಶೇಕಡಾ 5ರಷ್ಟು ಮಾತ್ರ ಇಳಿಯುತ್ತದೆ ಎಂದು ಉದಾರವಾಗಿಯೇ ಇಟ್ಟುಕೊಳ್ಳೋಣ. ಹನ್ನೊಂದು ಮೀಟರ್ ಇರುವ ಕಡೆ ಅದು 55 ಸೆಂಟಿಮೀಟರ್, ಮೂರು ಮೀಟರ್ ಇರುವ ಕಡೆ 15 ಸೆಂಟಿಮೀಟರ್. ಕಟ್ಟಡದ ಅಗಲ ಪೂರ್ವ ಪಶ್ಚಿಮವಾಗಿದ್ದರೆ 30 ಮೀಟರಿನಲ್ಲಿ 40 ಸೆಂಟಿಮೀಟರ್ ವ್ಯತ್ಯಾಸ, ಅಂದರೆ 75ಕ್ಕೆ 1ರ ಓರೆ. ಕಾಂಕ್ರೀಟ್ ಚೌಕಟ್ಟಿನ ಕಟ್ಟಡಕ್ಕೆ ರಾಫ್ಟ್ ಹಾಕಿದಾಗ ಭಾರತೀಯ ಮಾನಕ ಐಎಸ್ 1904 ಒಪ್ಪುವುದು 500ಕ್ಕೆ 1. ಹಿರಿಯರು ಹೇಳಿದ ದೋಣಿಯ ಹೋಲಿಕೆಯನ್ನೇ ತೆಗೆದುಕೊಂಡರೂ, ರಾಫ್ಟ್ ಎಷ್ಟು ದಪ್ಪವಿದ್ದರೂ ಮುರಿಯದೆ ಒಂದಾಗಿ ಓರೆಯಾಗುತ್ತದೆ ಎನ್ನಬಹುದೇ ಹೊರತು ಓರೆಯಾಗುವುದಿಲ್ಲ ಎನ್ನಲಾಗದು. ಓರೆಯಾದ ಮನೆಯಲ್ಲಿ ಬಾಗಿಲು ಸಿಕ್ಕಿಕೊಳ್ಳುತ್ತದೆ. ಓರೆಯಾದ ಆಸ್ಪತ್ರೆಯಲ್ಲಿ ಲಿಫ್ಟಿನ ಹಳಿ, ಸ್ಕ್ಯಾನಿಂಗ್ ಯಂತ್ರದ ಮಟ್ಟ, ಚರಂಡಿ ಕೊಳವೆಯ ಇಳಿಜಾರು ಮೂರೂ ಒಟ್ಟಿಗೆ ಕೆಡುತ್ತವೆ.

ಎನ್ ಮೌಲ್ಯದ ಬಗ್ಗೆಯೂ ಒಂದು ಮಾತು. 63.5 ಕಿಲೋ ಸುತ್ತಿಗೆಯನ್ನು 75 ಸೆಂಟಿಮೀಟರಿನಿಂದ ಬೀಳಿಸುತ್ತ, ನಳಿಗೆ 30 ಸೆಂಟಿಮೀಟರ್ ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಎಂಬುದನ್ನು ಆ ಪರೀಕ್ಷೆ ಎಣಿಸುತ್ತದೆ. ಕಸದಲ್ಲಿ ನಳಿಗೆಯ ತುದಿಗೆ ಟೈರೋ ಹೆಂಚಿನ ಚೂರೋ ಅಡ್ಡ ಬಂದರೆ 40 ತೋರಿಸುತ್ತದೆ. ಅದು ನೆಲದ ಗಟ್ಟಿತನವಲ್ಲ. ಕಸದ ಪದರದ ಎನ್ ಮೌಲ್ಯಗಳನ್ನು ಯಾವ ಲೆಕ್ಕಕ್ಕೂ ಬಳಸಬೇಡಿ.

ಹಾಗಾದರೆ ಪೈಲ್. ಆದರೆ ಹನ್ನೆರಡು ಮೀಟರ್ ಎಂದು ಬರೆದವರು ಪೈಲಿನ ತುದಿ ಯಾವುದರಲ್ಲಿ ಕೂರುತ್ತದೆ ಎಂದು ಹೇಳಿದ್ದಾರೆಯೇ? ಹನ್ನೊಂದು ಮೀಟರ್ ಕಸದ ಕೆಳಗೆ ಒಂದು ಮೀಟರ್ ಮಾತ್ರ ಉಳಿಯುತ್ತದೆ. ಕಲ್ಲು ಕಡಿಯುವವರು ಒಳ್ಳೆಯ ಜಂಬಿಟ್ಟಿಗೆ ಇರುವಷ್ಟನ್ನೂ ತೆಗೆದು, ಅದು ಮೆತ್ತಗಾದಲ್ಲಿಗೆ ನಿಲ್ಲಿಸುತ್ತಾರೆ ಎಂಬುದು ನಿಮಗೇ ಗೊತ್ತು. ಅಂದರೆ ಗುಂಡಿಯ ತಳದಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಶೇಡಿ ಮಣ್ಣು. ಒಣಗಿದ್ದಾಗ ಗುದ್ದಲಿಗೆ ಜಗ್ಗದ ಆ ಬಿಳಿ, ನಸುಗೆಂಪು ಮಣ್ಣು ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ, ನೀರಿನ ಜೊತೆ ಕೊಚ್ಚಿಯೂ ಹೋಗುತ್ತದೆ. ಬೇಸಿಗೆಯಲ್ಲಿ ತೆಗೆದ ಮಾದರಿಯ ಬಲವನ್ನು ನಂಬಿ ಪೈಲನ್ನು ಅಲ್ಲಿಯೇ ನಿಲ್ಲಿಸಬೇಡಿ. ಶೇಡಿಯ ಕೆಳಗೆ ಶಿಥಿಲವಾದ ಕಲ್ಲು, ಅದರ ಕೆಳಗೆ ಗಟ್ಟಿ ಕಲ್ಲು ಸಿಗುವವರೆಗೆ ಕನಿಷ್ಠ ಎರಡು ಬೋರ್‌ಹೋಲ್‌ಗಳನ್ನು ಒಯ್ಯಿರಿ. ಕಲ್ಲು ಸಿಕ್ಕಿತೆಂದ ಮೇಲೂ ಮೂರರಿಂದ ಐದು ಮೀಟರ್ ಕೊರೆದು ನೋಡಬೇಕು, ಏಕೆಂದರೆ ನಮ್ಮ ಕಡೆ ಶಿಥಿಲ ಮಣ್ಣಿನ ನಡುವೆ ಆನೆ ಗಾತ್ರದ ಉಂಡೆಗಲ್ಲುಗಳು ಕೂತಿರುತ್ತವೆ ಮತ್ತು ಅವುಗಳನ್ನು ತಳಬಂಡೆಯೆಂದು ತಪ್ಪು ತಿಳಿಯುವುದು ಸುಲಭ.

ಇನ್ನು ಕಸದಲ್ಲಿ ನಿಂತ ಪೈಲಿಗೆ ಮಾತ್ರ ಬರುವ ಒಂದು ಭಾರವಿದೆ. ಪೈಲ್ ನಿಂತಲ್ಲೇ ನಿಂತು ಸುತ್ತಲಿನ ಕಸ ಕೆಳಗಿಳಿಯುವಾಗ, ಆ ಕಸ ಪೈಲಿನ ಮೈಯನ್ನು ಹಿಡಿದು ತನ್ನ ಜೊತೆ ಕೆಳಕ್ಕೆ ಎಳೆಯುತ್ತದೆ. 600 ಮಿಲಿಮೀಟರ್ ವ್ಯಾಸದ ಪೈಲಿನ ಸುತ್ತಳತೆ 1.9 ಮೀಟರ್. ಚದರ ಮೀಟರಿಗೆ ಒಂದೂವರೆ ಟನ್ ಎಳೆತ ಎಂದು ಹಿಡಿದರೆ ಹನ್ನೊಂದು ಮೀಟರಿಗೆ ಒಟ್ಟು 31 ಟನ್. ಕಟ್ಟಡದ ಭಾರದ ಮೇಲೆ ಇದು ಹೆಚ್ಚುವರಿ. ಕಸದ ಪದರದಷ್ಟು ಉದ್ದಕ್ಕೆ ಪೈಲಿನ ಹೊರಗೆ ಉಕ್ಕಿನ ಕವಚವನ್ನು ಶಾಶ್ವತವಾಗಿ ಬಿಟ್ಟು ಅದರ ಮೈಗೆ ಬಿಟುಮೆನ್ ಬಳಿದರೆ ಈ ಎಳೆತ ಬಹಳ ಕಡಿಮೆಯಾಗುತ್ತದೆ. ಕೊರೆದ ಗುಂಡಿಯೊಳಗೆ ಕಸ ಕುಸಿಯದಂತೆ ತಡೆಯಲಿಕ್ಕೂ ಕವಚ ಹೇಗಿದ್ದರೂ ಬೇಕು.

ಲೋಡ್ ಟೆಸ್ಟ್ ಮಾಡಿಸುವಾಗ ಇದೇ ವಿಷಯ ತಿರುಗುಮುರುಗಾಗಿ ಮೋಸ ಮಾಡುತ್ತದೆ, ಇದನ್ನು ದಯವಿಟ್ಟು ಗಮನಿಸಿ. ಪರೀಕ್ಷೆಯ ಒಂದೆರಡು ದಿನಗಳಲ್ಲಿ ಪೈಲನ್ನು ನಾವು ಕೆಳಕ್ಕೆ ಒತ್ತುತ್ತೇವೆ, ಆಗ ಕಸ ಅದನ್ನು ಮೇಲಕ್ಕೆ ಆನಿಸಿ ಹಿಡಿಯುತ್ತದೆ. ಹತ್ತು ವರ್ಷದ ನಂತರ ಕೆಳಕ್ಕೆ ಎಳೆಯಲಿರುವ ಕಸವೇ ಪರೀಕ್ಷೆಯ ದಿನ ಸಹಾಯಕ್ಕೆ ನಿಂತು ಪೈಲ್ ಗಟ್ಟಿಯಿದೆ ಎಂದು ತೋರಿಸುತ್ತದೆ. ಆದ್ದರಿಂದ ಪರೀಕ್ಷೆಯ ಪೈಲಿಗೆ ಕಸದ ಆಳದವರೆಗೆ ಎರಡು ಕವಚ ಹಾಕಿ, ನಡುವೆ ಸಂದು ಬಿಟ್ಟು, ಶೇಡಿ ಮತ್ತು ಕಲ್ಲಿನ ಬಲವನ್ನು ಮಾತ್ರ ಅಳೆಯಬೇಕು. ಐಎಸ್ 2911ರ 4ನೇ ಭಾಗ ಆರಂಭಿಕ ಪರೀಕ್ಷೆಗೆ ಕೇಳುವ, ಪೈಲಿಗೆ ಲೆಕ್ಕ ಹಾಕಿದ ಸುರಕ್ಷಿತ ಭಾರದ ಎರಡೂವರೆ ಪಟ್ಟನ್ನು ಹಾಗೆಯೇ ಹೇರಿ. ಅದರಲ್ಲಿ ರಿಯಾಯಿತಿ ಬೇಡ.

ಪಕ್ಕದ ಬಲವನ್ನೂ ಮರೆಯಬೇಡಿ. ಕಸ ಪೈಲಿಗೆ ಪಕ್ಕದಿಂದ ಆಸರೆ ಕೊಡುವುದಿಲ್ಲ ಎಂದೇ ಹಿಡಿಯಬೇಕು. ಪೂರ್ವದ ಪೈಲುಗಳು ಹನ್ನೊಂದು ಮೀಟರ್ ಎತ್ತರದ ಕಂಬಗಳಂತೆ ಬಾಗುತ್ತವೆ, ಪಶ್ಚಿಮದವು ಮೂರು ಮೀಟರಿನ ಗಿಡ್ಡ ಕಂಬಗಳು. ಭೂಮಿ ಅಲುಗಿದಾಗ ಗಿಡ್ಡವು ಹೆಚ್ಚು ಬಲ ಎಳೆದುಕೊಳ್ಳುತ್ತವೆ, ಕಟ್ಟಡ ತಿರುಚಿಕೊಳ್ಳುತ್ತದೆ. ನಮ್ಮ ಭಾಗದಲ್ಲಿ ಭೂಕಂಪದ ಭಯ ಕಡಿಮೆಯೆಂದು ಇದನ್ನು ಬಿಡುವಂತಿಲ್ಲ. ಐಎಸ್ 1893 ಆಸ್ಪತ್ರೆಗೆ 1.5ರ ಪ್ರಾಮುಖ್ಯ ಗುಣಾಂಕ ಕೊಟ್ಟಿರುವುದು (ಅಂದರೆ ಭೂಕಂಪದ ಬಲವನ್ನು ಒಂದೂವರೆ ಪಟ್ಟು ಹಿಡಿಯಬೇಕೆನ್ನುವುದು), ಅಂಥ ದಿನ ಊರಿಗೆಲ್ಲ ಬೇಕಾಗುವ ಕಟ್ಟಡ ಅದು ಎಂಬ ಕಾರಣಕ್ಕೆ. ಪೈಲುಗಳ ತಲೆಗಳನ್ನು ಎರಡೂ ದಿಕ್ಕಿನಲ್ಲಿ ಗಟ್ಟಿ ತೊಲೆಗಳಿಂದ ಕಟ್ಟಿ, ಕಟ್ಟಡವನ್ನು ಪೂರ್ವ ಪಶ್ಚಿಮವಾಗಿ ಎರಡು ಭಾಗ ಮಾಡಿ ನಡುವೆ ಸಂದು ಬಿಡುವುದು ಉತ್ತಮ.

ಉತ್ತರ 2: ಆಸ್ಪತ್ರೆ ಕಟ್ಟಡ ನಿರ್ವಹಣೆಯ ಇಂಜಿನಿಯರ್, ತೀರ್ಥಹಳ್ಳಿ ತಾಲ್ಲೂಕು

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಪೈಲ್ ಹಾಕಿದ ಮೇಲೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದವನಾಗಿ ಕೆಲವು ಮಾತು ಸೇರಿಸಬೇಕು.

ನಾನು ಮೊದಲು ಕೆಲಸ ಮಾಡಿದ ಆಸ್ಪತ್ರೆ ಸಡಿಲ ಮಣ್ಣು ಮತ್ತು ಕಟ್ಟಡದ ಅವಶೇಷ ತುಂಬಿದ ತಗ್ಗಿನಲ್ಲಿತ್ತು. ಪೈಲ್ ಚೆನ್ನಾಗಿಯೇ ಹಾಕಿದ್ದರು, ಕಟ್ಟಡದಲ್ಲಿ ಒಂದು ಬಿರುಕೂ ಇರಲಿಲ್ಲ. ಕೂತದ್ದು ಸುತ್ತಲಿನ ನೆಲ. ನಾಲ್ಕನೇ ಮಳೆಗಾಲದಲ್ಲಿ, ಪುನರ್ವಸು ಮಳೆ ಹಿಡಿದ ಒಂದು ಬೆಳಗಿನ ಜಾವ, ಆಂಬುಲೆನ್ಸಿನಿಂದ ಇಳಿಸಿದ ಹೆರಿಗೆಯ ರೋಗಿಯ ಸ್ಟ್ರೆಚರಿನ ಮುಂದಿನ ಚಕ್ರ ತುರ್ತು ವಿಭಾಗದ ಹೊಸ್ತಿಲಿಗೆ ಬಡಿದು ನಿಂತಿತು. ಹಿಂದಿನ ವರ್ಷ ಒಂದು ಬೆರಳು ಇದ್ದ ಮೆಟ್ಟಿಲು ಆಗ ನಾಲ್ಕು ಬೆರಳಾಗಿತ್ತು. ಇಬ್ಬರು ಆಯಾಗಳು, ನಾನು, ಚಾಲಕ ಸೇರಿ ಸ್ಟ್ರೆಚರನ್ನು ಎತ್ತಿ ಒಳಗಿಟ್ಟೆವು. ತಾಯಿ, ಮಗು ಚೆನ್ನಾಗಿದ್ದರು. ಆದರೆ ಆ ಚಕ್ರ ಬಡಿದಾಗ ಆಕೆ ಕೂಗಿದ್ದು ನನಗೆ ಇಂದಿಗೂ ನೆನಪಿದೆ. ಯಾವ ವಿನ್ಯಾಸಕಾರನ ನಕ್ಷೆಯಲ್ಲೂ ಆ ಹೊಸ್ತಿಲು ಒಂದು ಸಮಸ್ಯೆಯಾಗಿ ಕಾಣಿಸಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಬೀಳದೆ ನಡೆದಿತ್ತು. ನೆಲಮಹಡಿಯ ಹಾಸು ಪೈಲಿನ ಮೇಲಿರಲಿಲ್ಲ, ತುಂಬಿದ ಮಣ್ಣಿನ ಮೇಲೆಯೇ ಹಾಸಿದ್ದರು. ಶೌಚಾಲಯದ ಕೊಳವೆಗಳು ಆ ಮಣ್ಣಿನಲ್ಲಿ ಹೂತಿದ್ದವು. ಮಣ್ಣು ಇಳಿದಂತೆ ಕೊಳವೆಗಳೂ ಇಳಿದು, ಗೋಡೆ ದಾಟುವ ಜಾಗದಲ್ಲಿ ಕತ್ತರಿಸಿದಂತೆ ಮುರಿದವು. ವಾರ್ಡಿನ ಹೊಲಸು ನೀರು ಎಷ್ಟು ತಿಂಗಳು ನೆಲದಡಿಗೆ ಹರಿಯಿತೋ ತಿಳಿಯದು. ಹಾಸು ಟೊಳ್ಳಾಗಿ ಸದ್ದು ಮಾಡಿದಾಗ ಒಡೆದು ನೋಡಿದರೆ ಕೆಳಗೆ ಮೊಣಕಾಲಿನಷ್ಟು ಖಾಲಿ ಜಾಗವಿತ್ತು.

ಆದ್ದರಿಂದ ನಿಮ್ಮ ಕಟ್ಟಡದ ನೆಲಮಹಡಿಯ ಹಾಸನ್ನು ಮೇಲಿನ ಅಂತಸ್ತುಗಳ ಹಾಗೆಯೇ ತೊಲೆಗಳ ಮೇಲೆ ನಿಲ್ಲುವ ಸ್ಲ್ಯಾಬ್ ಆಗಿ ಮಾಡಿಸಿ. ಕೆಳಗಿನ ಕೊಳವೆಗಳೆಲ್ಲ ಸ್ಟೇನ್‌ಲೆಸ್ ಉಕ್ಕಿನ ಹಿಡಿಕೆಗಳಿಂದ ಆ ಸ್ಲ್ಯಾಬಿಗೆ ತೂಗುಬಿದ್ದಿರಲಿ, ನೆಲಕ್ಕೆ ಒರಗಿರಬಾರದು. ಕಟ್ಟಡದಿಂದ ಹೊರಗೆ ಹೋಗುವ ಪ್ರತಿಯೊಂದು ಕೊಳವೆ ಮತ್ತು ಕೇಬಲ್ಲಿಗೆ ಬಾಗುವ ಜೋಡಣೆ ಬೇಕು, ಅದನ್ನು ಮುಚ್ಚಳ ತೆಗೆದು ನೋಡುವಂಥ ಗುಂಡಿಯೂ ಬೇಕು. ಆಮ್ಲಜನಕದ ಟ್ಯಾಂಕಿನ ಅಡಿಪಾಯವನ್ನು ಕಟ್ಟಡದಂತೆಯೇ ಪೈಲಿನ ಮೇಲೆ ನಿಲ್ಲಿಸಿ. ಹತ್ತು ಸಾವಿರ ಲೀಟರ್ ದ್ರವ ಆಮ್ಲಜನಕವೇ ಹನ್ನೊಂದು ಟನ್ನಿಗೂ ಹೆಚ್ಚು, ಟ್ಯಾಂಕಿನ ತೂಕ ಬೇರೆ. ಟ್ಯಾಂಕ್ ಕೂತು ಕಟ್ಟಡ ನಿಂತರೆ ನಡುವಿನ ತಾಮ್ರದ ಕೊಳವೆ ಎಳೆದುಕೊಳ್ಳುತ್ತದೆ. ಆಂಬುಲೆನ್ಸ್ ಬರುವ ಕಡೆ ಆರೆಂಟು ಮೀಟರ್ ಉದ್ದದ ಚಪ್ಪಡಿಯ ಒಂದು ತುದಿಯನ್ನು ಕಟ್ಟಡದ ತೊಲೆಗೆ ಕೀಲಿನಂತೆ ಕೂರಿಸಿ, ಇನ್ನೊಂದು ತುದಿ ನೆಲದ ಜೊತೆ ಇಳಿಯಲು ಬಿಡಿ. ಆಗ ಮೆಟ್ಟಿಲು ಬರುವುದಿಲ್ಲ, ಇಳಿಜಾರು ಸ್ವಲ್ಪ ಹೆಚ್ಚುತ್ತದೆ ಅಷ್ಟೆ.

ಉತ್ತರ 3: ಪರಿಸರ ಇಂಜಿನಿಯರ್, ಶಿವಮೊಗ್ಗ

ಬೋರ್‌ಹೋಲಿನ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು ಎಂದು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಶ್ನೆಯ ಅತಿ ಗಂಭೀರ ಭಾಗ ಅದೇ. ಕೊಳೆಯುವ ಕಸದಿಂದ ಬರುವ ಅನಿಲದಲ್ಲಿ ಸರಿಸುಮಾರು ಅರ್ಧ ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರ ನಡುವೆ ಇದ್ದರೆ ಒಂದು ಸ್ವಿಚ್ಚಿನ ಕಿಡಿ ಸಾಕು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ಲಿಫ್ಟಿನ ಗುಂಡಿಯಲ್ಲಿ, ಕೊಳವೆಗಳ ನೆಲಕಾಲುವೆಯಲ್ಲಿ ಕೂಡಿ ನಿಲ್ಲುತ್ತದೆ ಮತ್ತು ರಿಪೇರಿಗೆ ಇಳಿದವನ ಉಸಿರು ಕಟ್ಟಿಸುತ್ತದೆ. ಜೊತೆಗೆ ಅಲ್ಪ ಪ್ರಮಾಣದಲ್ಲಿ ಬರುವ ಹೈಡ್ರೋಜನ್ ಸಲ್ಫೈಡ್ ತಾಮ್ರ ಮತ್ತು ಬೆಳ್ಳಿಯ ಸಂಪರ್ಕಗಳನ್ನು ತಿನ್ನುವುದರಿಂದ ಉಪಕರಣಗಳ ವಿದ್ಯುನ್ಮಾನ ಹಲಗೆಗಳೂ ಕೆಡುತ್ತವೆ.

ಇಂಗ್ಲೆಂಡಿನ ಡರ್ಬಿಶೈರ್‌ನ ಲಾಸ್ಕೋ ಎಂಬ ಊರಿನಲ್ಲಿ 1986ರ ಮಾರ್ಚ್ 24ರಂದು ಒಂದು ಬಂಗಲೆ ಸ್ಫೋಟಗೊಂಡು ನೆಲಸಮವಾಯಿತು, ಒಳಗಿದ್ದ ಮೂವರು ಗಾಯಗೊಂಡರು. ಆ ಮನೆ ಕಸದ ಮೇಲೆ ಇರಲಿಲ್ಲ, ಪಕ್ಕದಲ್ಲಿತ್ತು. ಹಿಂದೆ ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಯಲ್ಲಿ ಕಸ ತುಂಬಿದ್ದರು. ಆ ದಿನ ವಾಯುಭಾರ ಕೆಲವೇ ಗಂಟೆಗಳಲ್ಲಿ ತೀವ್ರವಾಗಿ ಕುಸಿದಿತ್ತು. ಮೇಲಿನ ಗಾಳಿಯ ಒತ್ತಡ ಇಳಿದಾಗ ನೆಲದೊಳಗಿನ ಅನಿಲ ಹೊರಕ್ಕೆ ನುಗ್ಗಿ, ಕಲ್ಲಿನ ಬಿರುಕುಗಳ ಮೂಲಕ ಮನೆಯಡಿಗೆ ಸೇರಿತ್ತು. ಮಲೆನಾಡಿನ ಮಳೆಗಾಲದ ಜೊತೆ ಇದನ್ನು ಹೊಂದಿಸಿ ನೋಡಿ. ಆರಿದ್ರಾ ಮಳೆಯ ಹೊತ್ತಿಗೆ ಮೇಲ್ಮಣ್ಣಿನ ರಂಧ್ರಗಳೆಲ್ಲ ನೀರಿನಿಂದ ಮುಚ್ಚಿರುತ್ತವೆ. ನೀರಿನ ಮಟ್ಟ ಏರಿ ಅನಿಲವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ವಾಯುಭಾರ ಕುಸಿತದ ಮುನ್ಸೂಚನೆಯೂ ಆಗಲೇ ಬರುತ್ತದೆ. ಬಯಲೆಲ್ಲ ಮುಚ್ಚಿಕೊಂಡಾಗ ಅನಿಲಕ್ಕೆ ತೆರೆದಿರುವ ಒಂದೇ ಒಣ ಜಾಗ ನಿಮ್ಮ ಕಟ್ಟಡದ ಅಡಿ.

ಇಲ್ಲಿ ಆಸ್ಪತ್ರೆಗೆಂದೇ ಇರುವ ತೊಡಕೊಂದಿದೆ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಗಾಳಿಯ ಒತ್ತಡವನ್ನು ಹೊರಗಿಗಿಂತ ಹೆಚ್ಚಿಡುತ್ತಾರೆ. ಅದು ಅನಿಲವನ್ನು ಹೊರಗೆ ತಳ್ಳುತ್ತದೆ. ಸೋಂಕು ರೋಗಿಗಳ ಪ್ರತ್ಯೇಕ ಕೊಠಡಿಯಲ್ಲಿ ಒತ್ತಡವನ್ನು ಕಡಿಮೆ ಇಡುತ್ತಾರೆ, ಸೋಂಕಿನ ಗಾಳಿ ಹೊರಗೆ ಹೋಗಬಾರದೆಂದು. ನೀವು ಆ ಕೊಠಡಿಗಳನ್ನು ನೆಲಮಹಡಿಯಲ್ಲಿ ಇಟ್ಟಿದ್ದೀರಿ. ನೆಲದಲ್ಲಿ ಕೂದಲೆಳೆಯ ಬಿರುಕಿದ್ದರೂ ಆ ಕೊಠಡಿ ಹಗಲಿರುಳು ಕೆಳಗಿನ ಅನಿಲವನ್ನು ಹೀರುತ್ತದೆ. ಅವನ್ನು ಮೇಲಿನ ಅಂತಸ್ತಿಗೆ ಒಯ್ಯಿರಿ.

ಕಟ್ಟಡದ ಅಡಿಯಲ್ಲಿ, ತೊಲೆಗಳ ನಡುವೆ, ಗಾಳಿ ಆಡುವ ಖಾಲಿ ಅಂತರ ಬಿಟ್ಟು ಎದುರುಬದುರಾಗಿ ಗವಾಕ್ಷಿ ಇಡುವುದು ನನ್ನ ಮೊದಲ ಆಯ್ಕೆ. ಯಂತ್ರವಿಲ್ಲದೆ, ಕರೆಂಟ್ ಹೋದಾಗಲೂ ಕೆಲಸ ಮಾಡುವ ಉಪಾಯ ಅದು. ನಮ್ಮ ಹಿರಿಯರು ಉಗ್ರಾಣವನ್ನು ನೆಲದಿಂದ ಎತ್ತಿ ಕಟ್ಟುತ್ತಿದ್ದ ಕ್ರಮವನ್ನು ನೆನೆದುಕೊಳ್ಳಿ. ಸ್ಲ್ಯಾಬಿನ ಕೆಳಗೆ ಅನಿಲ ದಾಟದ ಹಾಳೆ ಹಾಸಿ, ಪೈಲ್ ಮತ್ತು ಕೊಳವೆ ಅದನ್ನು ತೂರುವ ಪ್ರತಿ ಜಾಗದಲ್ಲೂ ಬೆಸುಗೆ ಹಾಕಿಸಿ, ಪರೀಕ್ಷಿಸಿ ಬರೆದಿಡಬೇಕು. ಕಸದ ಒಳಗಿನಿಂದ ಅನಿಲ ತೆಗೆಯುವ ಕೊಳವೆಗಳನ್ನು ಮಾಳಿಗೆಗಿಂತ ಎತ್ತರಕ್ಕೆ, ಹವಾನಿಯಂತ್ರಣದ ಗಾಳಿ ಸೆಳೆಯುವ ಬಾಯಿಯಿಂದ ದೂರಕ್ಕೆ ಒಯ್ಯಬೇಕು.

ಪೈಲಿನ ಬಗ್ಗೆ ನನ್ನದೊಂದು ಆತಂಕವೂ ಇದೆ. ಗುಂಡಿಯ ತಳದ ಶೇಡಿ ಮಣ್ಣು ಕಸದ ಕೊಳಚೆ ನೀರನ್ನು ಅಷ್ಟಿಷ್ಟು ತಡೆದು ಹಿಡಿದಿರಬಹುದು. ಎಂಬತ್ತು ನೂರು ಪೈಲುಗಳಿಂದ ಅದನ್ನು ತೂರಿದರೆ ಆ ನೀರು ಕೆಳಗಿನ ಜಲಕ್ಕೆ, ಅಲ್ಲಿಂದ ಇಳಿಜಾರಿನ ಕೆಳಗಿರುವ ಮನೆಗಳ ತೆರೆದ ಬಾವಿಗೆ ಇಳಿಯುತ್ತದೆ. ಕವಚದ ತುದಿಯನ್ನು ಶೇಡಿಯೊಳಗೆ ಒಂದೆರಡು ಮೀಟರ್ ಇಳಿಸಿ, ಒಳಗಿನ ಕೊಳಚೆ ನೀರು ತೆಗೆದು, ಆಮೇಲೆ ಮುಂದಕ್ಕೆ ಕೊರೆಯಬೇಕು. ಆ ಬಾವಿಗಳ ನೀರನ್ನು ಕೆಲಸ ಆರಂಭಿಸುವ ಮೊದಲೇ ಒಮ್ಮೆ ಪರೀಕ್ಷೆ ಮಾಡಿಸಿ ದಾಖಲೆ ಇಟ್ಟುಕೊಳ್ಳಿ. ಕೊಳಚೆ ನೀರಿನ ಸಲ್ಫೇಟ್, ಕ್ಲೋರೈಡ್ ಅಳೆದು ಐಎಸ್ 456ರ ಕೋಷ್ಟಕದ ಪ್ರಕಾರ ಸಿಮೆಂಟ್ ಆರಿಸಿ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕಸಭರ್ತಿ ಜಾಗ ಮುಚ್ಚಿದ ಮೇಲೆ ಕನಿಷ್ಠ 15 ವರ್ಷ ನಿಗಾ ಇಡಬೇಕೆಂದೂ, ಅನಿಲ ಮತ್ತು ಕೊಳಚೆ ನೀರು ನಿಗದಿತ ಮಿತಿಯೊಳಗಿದ್ದು ನೆಲ ಸ್ಥಿರವಾಗಿದೆಯೆಂದು ಖಚಿತವಾದ ಮೇಲೆ ಮಾತ್ರ ಜನವಸತಿಗೆ ಬಳಸುವುದನ್ನು ಪರಿಗಣಿಸಬಹುದೆಂದೂ ಹೇಳಿದವು. ನಿಮ್ಮದು ಕ್ರಮಬದ್ಧವಾಗಿ ಮುಚ್ಚಿದ ಜಾಗವೂ ಅಲ್ಲ, 15 ವರ್ಷವೂ ಆಗಿಲ್ಲ. ನಕ್ಷೆಗೆ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಿ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಮೂರನ್ನೂ ಓದಿದ ಮೇಲೆ ನನಗೆ ಎರಡು ಪ್ರಶ್ನೆ ಉಳಿದಿವೆ. ಇಷ್ಟೆಲ್ಲ ಮಾಡುವ ಬದಲು ಕಟ್ಟಡದ ಅಡಿಯ ಕಸವನ್ನೇ ತೆಗೆದುಬಿಟ್ಟರೆ ಆಗುವುದಿಲ್ಲವೇ? 1,800 ಚದರ ಮೀಟರಿಗೆ ಸರಾಸರಿ ಏಳು ಮೀಟರ್ ಎಂದರೆ 12,600 ಘನ ಮೀಟರ್. ದೊಡ್ಡದೇ, ಆದರೆ ಅಸಾಧ್ಯವಲ್ಲ. ಎರಡನೆಯದು, ಜಾಗದ ಪಶ್ಚಿಮಕ್ಕೆ, ರಸ್ತೆಯ ಪಕ್ಕದಲ್ಲಿ, ಕಲ್ಲು ಕಡಿಯದೆ ಬಿಟ್ಟ ಸುಮಾರು ಒಂದು ಎಕರೆ ಗಟ್ಟಿ ನೆಲವಿದೆ. ಅದನ್ನು ವೈದ್ಯರ ವಸತಿಗೃಹಕ್ಕೂ ವಾಹನ ನಿಲುಗಡೆಗೂ ಮೀಸಲಿಟ್ಟಿದ್ದಾರೆ. ಆಸ್ಪತ್ರೆಯನ್ನೇ ಅಲ್ಲಿಗೆ ಸರಿಸಬಹುದೇ?

ಉತ್ತರ 1 ಬರೆದವರು

ಆ ಒಂದು ಎಕರೆಯ ವಿಷಯ ಮೊದಲೇ ಹೇಳಿದ್ದರೆ ನನ್ನ ಉತ್ತರ ಅಲ್ಲಿಂದಲೇ ಶುರುವಾಗುತ್ತಿತ್ತು. ಒಂದು ಎಕರೆ ಎಂದರೆ ನಾಲ್ಕು ಸಾವಿರ ಚದರ ಮೀಟರಿಗೂ ಹೆಚ್ಚು. ನಿಮ್ಮ ಕಟ್ಟಡದ ಅಡಿ ಅದರ ಅರ್ಧಕ್ಕಿಂತ ಕಡಿಮೆ. ಆಸ್ಪತ್ರೆ ಅಲ್ಲಿ ಬರಬೇಕು. ವಾಹನ ನಿಲುಗಡೆ, ತೋಟ, ನಡೆದಾಡುವ ಜಾಗ ಕಸದ ಮೇಲೆ ಹೋಗಲಿ, ಅವು ಕೂತರೂ ವರ್ಷಕ್ಕೊಮ್ಮೆ ಮಟ್ಟ ಮಾಡಬಹುದು. ವಸತಿಗೃಹಕ್ಕೆ ಬೇರೆ ಜಾಗ ನೋಡಲಿ. ಮನುಷ್ಯರು ಮಲಗುವ ಕಟ್ಟಡವನ್ನು ಕಸದ ಮೇಲೆ ಇಡುವುದಾದರೆ ನಾವು ಸಮಸ್ಯೆಯನ್ನು ಪಕ್ಕಕ್ಕೆ ಸರಿಸಿದಂತಾಯಿತೇ ಹೊರತು ಬಿಡಿಸಿದಂತಾಗಲಿಲ್ಲ.

ಕಸ ತೆಗೆಯುವುದು ತಾಂತ್ರಿಕವಾಗಿ ಸರಿಯಾದ ಮಾರ್ಗ. ಹಳೆಯ ಕಸವನ್ನು ಅಗೆದು, ಒಣಗಿಸಿ, ಜರಡಿ ಯಂತ್ರದಲ್ಲಿ ಬೇರ್ಪಡಿಸುವ ಕೆಲಸಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ನಿಮ್ಮ ಲೆಕ್ಕ ಗೋಡೆ ನೆಟ್ಟಗೆ ನಿಂತರೆ ಎಂಬ ಲೆಕ್ಕ. ಕಸ ಹಾಗೆ ನಿಲ್ಲುವುದಿಲ್ಲ, ಇಳಿಜಾರು ಬಿಟ್ಟು ಅಗೆಯಬೇಕು, ಪ್ರಮಾಣ ಒಂದೂವರೆ ಪಟ್ಟು ದಾಟುತ್ತದೆ. ನಮ್ಮಲ್ಲಿ ಒಣ ಕೆಲಸಕ್ಕೆ ಸಿಗುವುದು ಡಿಸೆಂಬರಿನಿಂದ ಮೇ ನಡುವಿನವರೆಗೆ. ಅಷ್ಟರಲ್ಲಿ ಅಗೆದು, ಜಲ್ಲಿಮಿಶ್ರಿತ ಜಂಬಿಟ್ಟಿಗೆ ಮಣ್ಣನ್ನು 20 ಸೆಂಟಿಮೀಟರ್ ಪದರಗಳಲ್ಲಿ ರೋಲರ್ ಹಾಯಿಸಿ ಏಳು ಮೀಟರ್ ತುಂಬಿ ಮುಗಿಯದಿದ್ದರೆ ಜೂನ್ ತಿಂಗಳಲ್ಲಿ ನಿಮ್ಮ ಕೈಯಲ್ಲಿ ಒಂದು ಕೆರೆ ಇರುತ್ತದೆ, ಅದರ ತಳದ ಶೇಡಿ ಕರಗುತ್ತಿರುತ್ತದೆ. ಜರಡಿಯಿಂದ ಬಂದ ನುಣ್ಣನೆಯ ಮಣ್ಣನ್ನು ಕಟ್ಟಡದ ಅಡಿಗೆ ಮತ್ತೆ ತುಂಬುವ ಆಸೆ ಬೇಡ, ಅದರಲ್ಲಿ ಕೊಳೆಯುವ ಪದಾರ್ಥ ಉಳಿದಿರುತ್ತದೆ. ಭಾರಿ ತೂಕವನ್ನು ಎತ್ತರದಿಂದ ಕೆಡವಿ ಕಸವನ್ನು ಕುಟ್ಟುವ ವಿಧಾನದ ಬಗ್ಗೆಯೂ ಯಾರಾದರೂ ಹೇಳಬಹುದು. 15 ಟನ್ ತೂಕವನ್ನು 15 ಮೀಟರಿನಿಂದ ಕೆಡವಿದರೆ ಪರಿಣಾಮ ಸುಮಾರು ಆರು ಮೀಟರ್ ಆಳಕ್ಕೆ ತಲುಪುತ್ತದೆ. ನಿಲುಗಡೆಯ ಜಾಗಕ್ಕೆ ಅದು ಒಳ್ಳೆಯದು. ಆದರೆ ಕುಟ್ಟುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ, ಆಸ್ಪತ್ರೆಗೆ ಅದು ಸಾಲದು.

ಉತ್ತರ 3 ಬರೆದವರು

ಗಟ್ಟಿ ನೆಲಕ್ಕೆ ಸರಿಯುವುದನ್ನು ನಾನೂ ಬೆಂಬಲಿಸುತ್ತೇನೆ, ಆದರೆ ಲಾಸ್ಕೋದ ಮನೆ ಗುಂಡಿಯ ಹೊರಗಿತ್ತು ಎಂಬುದನ್ನು ಮತ್ತೆ ನೆನಪಿಸಬೇಕು. ಜಂಬಿಟ್ಟಿಗೆ ಕಲ್ಲನ್ನು ಒಡೆದು ನೋಡಿದವರಿಗೆ ಅದರೊಳಗಿನ ಹುಳು ಕೊರೆದಂತಹ ತೂತುಗಳು ಗೊತ್ತು. ಮಳೆ ನೀರು ಹಾಯುವ ಆ ದಾರಿಯಲ್ಲಿ ಅನಿಲವೂ ಹಾಯುತ್ತದೆ. ಆದ್ದರಿಂದ ಗಾಳಿ ಆಡುವ ತಳ ಮತ್ತು ಅನಿಲದ ಹಾಳೆ ಅಲ್ಲಿಯೂ ಇರಲಿ. ಗುಂಡಿಯ ಅಂಚು ಮತ್ತು ಕಟ್ಟಡದ ನಡುವೆ ಉದ್ದಕ್ಕೂ ಜಲ್ಲಿ ತುಂಬಿದ ಕಂದಕ ತೋಡಿ, ಕಟ್ಟಡದ ಕಡೆಯ ಮಗ್ಗುಲಿಗೆ ದಪ್ಪ ಹಾಳೆ ಇಳಿಬಿಟ್ಟರೆ ಅನಿಲ ಅಲ್ಲಿಯೇ ಮೇಲೆದ್ದು ಗಾಳಿಗೆ ಸೇರುತ್ತದೆ.

ಪ್ರಶ್ನೆ ಕೇಳಿದವರು

ನಿನ್ನೆ ಟ್ರಸ್ಟಿನ ಸಭೆಯಲ್ಲಿ 75ಕ್ಕೆ 1ರ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ರಾಫ್ಟ್ ಎಂದಿದ್ದ ಹಿರಿಯರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತಿದ್ದು, ಕೊನೆಗೆ ಸ್ಟ್ರೆಚರಿನ ಪ್ರಸಂಗವನ್ನು ಮತ್ತೊಮ್ಮೆ ಓದಿಸಿಕೊಂಡರು. ಪಶ್ಚಿಮದ ನೆಲಕ್ಕೆ ಹೊಸ ನಕ್ಷೆ ಮಾಡಿಸಲು, ಅಲ್ಲಿ ಕಲ್ಲಿನವರೆಗೆ ಎರಡು ಬೋರ್‌ಹೋಲ್ ಹಾಕಿಸಲು, ಗುಂಡಿಯ ಅಂಚಿನ ಉದ್ದಕ್ಕೂ ಆರು ಅನಿಲ ಕೊಳವೆಗಳನ್ನು ನೆಟ್ಟು ಒಂದು ಪೂರ್ತಿ ಮಳೆಗಾಲ ಅಳತೆ ತೆಗೆಯಲು ಒಪ್ಪಿದ್ದಾರೆ. ವಸತಿಗೃಹದ ತೀರ್ಮಾನ ಮುಂದಿನ ಸಭೆಗೆ ಹೋಗಿದೆ. ಅಳತೆ ತೆಗೆಯುವಾಗ ವಿಶೇಷವಾಗಿ ಏನು ನೋಡಬೇಕು?

ಉತ್ತರ 3 ಬರೆದವರು

ವಾರಕ್ಕೊಮ್ಮೆ ಎಂಬ ನಿಯಮಕ್ಕಿಂತ ವಾಯುಭಾರ ಇಳಿಯುತ್ತಿರುವ ದಿನಗಳನ್ನು ಹಿಡಿಯುವುದು ಮುಖ್ಯ, ಆದ್ದರಿಂದ ಪ್ರತಿ ಅಳತೆಯ ಪಕ್ಕದಲ್ಲಿ ಆ ಹೊತ್ತಿನ ವಾಯುಭಾರ, ಕೊಳವೆಯ ನೀರಿನ ಮಟ್ಟ, ಹಿಂದಿನ ಮೂರು ದಿನದ ಮಳೆ ಇಷ್ಟನ್ನೂ ಬರೆಯಿರಿ. ಕೊಳವೆಯ ಮುಚ್ಚಳ ತೆರೆದು ಆಮೇಲೆ ಮೀಟರ್ ಇಟ್ಟರೆ ಕೂಡಿದ್ದ ಅನಿಲ ಹೋಗಿಬಿಟ್ಟಿರುತ್ತದೆ; ಮುಚ್ಚಳದಲ್ಲಿ ಮೊದಲೇ ಸಣ್ಣ ತಿರುಪು ನಲ್ಲಿ ಕೂರಿಸಿ ಅದಕ್ಕೆ ಮೀಟರಿನ ನಳಿಕೆ ಜೋಡಿಸಿ. ಮೀಥೇನ್, ಇಂಗಾಲದ ಡೈಆಕ್ಸೈಡ್, ಆಮ್ಲಜನಕದ ಪ್ರಮಾಣದ ಜೊತೆ ಅನಿಲ ಹೊರಬರುವ ವೇಗವನ್ನೂ ಅಳೆಯಿರಿ. ಜೊತೆಗೆ ಹೋಗುವವರು ಹತ್ತಿರ ಬೀಡಿ ಹಚ್ಚದಂತೆ ನೋಡಿಕೊಳ್ಳಿ. ಕ್ರಿಕೆಟ್ ಆಡುವ ಹುಡುಗರಿಗೆ ಆ ಕೊಳವೆಗಳು ಏನೆಂದು ನೀವೇ ನಿಂತು ತಿಳಿಸಿ, ಸುತ್ತ ಬೇಲಿ ಹಾಕಿಸಿ.